ದೊಡ್ಡಮ್ಮ ಬಲ್ಲ ಲೈನು

ಕಳೆದ ಮಳೆಗಾಲದಲ್ಲಿ, ಆಷಾಢದ ಗಾಳಿ ನಾಲ್ಕು ದಿನ ಬಿಡದೆ ಬೀಸಿ ಮೂಡಿಗೆರೆ ಕಡೆಯ ತೋಟಗಳ ಸಿಲ್ವರ್ ಮರಗಳನ್ನು ಸೊಂಟದ ಎತ್ತರಕ್ಕೆ ಮುರಿದುಹಾಕಿದ ವಾರದಲ್ಲಿ, ಹಾಸನದಿಂದ ದೊಡ್ಡಮ್ಮನಿಗೆ ಫೋನ್ ಮಾಡಿದ್ದೆ. ಮೂರನೇ ಸಲಕ್ಕೆ ಸಿಕ್ಕ ಅವರು ಒಂದೇ ಉಸಿರಿಗೆ ಹೇಳಿದ್ದು ಹೀಗೆ: “ಲೈನ್ ಕಟ್ಟಾಗಿ ಎರಡು ದಿನ ಆಯ್ತು ಕಣೋ. ಲೈನ್‌ಮ್ಯಾನ್ ಬಂದು ನೋಡ್ಕಂಡು ಹೋದ, ನಮ್ಮ ಲೈನಿನ ಹಿಂದೇನೇ ಮರ ಬಿದ್ದಿದೆಯಂತೆ. ತಡಿ, ಲೈನಲ್ಲೇ ಇರು, ಒಲೆ ಮೇಲೆ ಹಾಲಿಟ್ಟಿದೀನಿ.”

ನಾನು ಲೈನಲ್ಲೇ ಇದ್ದೆ. ದೊಡ್ಡಮ್ಮ ಹಾಲಿನ ಕಡೆಗೆ ಓಡಿದ ಆ ಅರ್ಧ ನಿಮಿಷದಲ್ಲಿ, ಅವರು ಹೇಳಿದ ಮಾತನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಕೇಳಿಕೊಂಡಾಗ, ಒಂದೇ ಪದ ನಾಲ್ಕು ಕಡೆ ನಾಲ್ಕು ಅರ್ಥದಲ್ಲಿ ಬಂದಿರುವುದು ಹೊಳೆಯಿತು. ಮೊದಲನೆಯದು ಕಂಬದ ಮೇಲಿನ ತಂತಿ, ಎರಡನೆಯದು ಒಂದು ಹುದ್ದೆಯ ಹೆಸರಿನ ಭಾಗ, ಮೂರನೆಯದು ತೋಟದ ಆಳುಗಳ ಮನೆಸಾಲು, ನಾಲ್ಕನೆಯದು ಫೋನಿನ ಸಂಪರ್ಕ. ದೊಡ್ಡಮ್ಮ ಓದಿದ್ದು ನಾಲ್ಕನೇ ಇಯತ್ತೆ. ಇಂಗ್ಲಿಷಿನ ಒಂದು ವಾಕ್ಯವನ್ನೂ ಅವರು ಕಟ್ಟಲಾರರು. ಆದರೆ ಆ ಭಾಷೆಯ ಈ ಒಂದು ಪದದ ನಾಲ್ಕು ಅರ್ಥಗಳ ನಡುವೆ ಅವರು ಎಲ್ಲಿಯೂ ಎಡವಲಿಲ್ಲ, ಕೇಳಿದ ನಾನೂ ಎಡವಲಿಲ್ಲ. ಇಂಗ್ಲಿಷ್ ಪಾಠ ಮಾಡುವುದೇ ಹೊಟ್ಟೆಪಾಡಾಗಿರುವ ನನ್ನನ್ನು ವಿದ್ಯಾರ್ಥಿಗಳು ‘ಲೈನ್ ಅಂದ್ರೆ ಏನ್ಸಾರ್’ ಎಂದು ಕೇಳಿದ್ದರೆ, ‘ಗೆರೆ’ ಅಥವಾ ‘ಸಾಲು’ ಎಂದು ಬೋರ್ಡಿನ ಮೇಲೆ ಬರೆದು ಮುಂದಿನ ಪದಕ್ಕೆ ಹೋಗಿಬಿಡುತ್ತಿದ್ದೆ. ದೊಡ್ಡಮ್ಮ ಬಳಸಿದ ನಾಲ್ಕರಲ್ಲಿ ಒಂದನ್ನೂ ನನ್ನ ಆ ಎರಡು ಪದಗಳು ಸರಿಯಾಗಿ ಮುಟ್ಟುವುದಿಲ್ಲ.

ಅಂದಿನಿಂದ ಈ ಪದ ನನ್ನ ಬೆನ್ನು ಬಿದ್ದಿದೆ.

ಇಂಗ್ಲಿಷಿನ ಲೈನ್ ಹುಟ್ಟಿದ್ದು ಗೆರೆಯಾಗಿ ಅಲ್ಲ, ದಾರವಾಗಿ. ಲ್ಯಾಟಿನ್ ಭಾಷೆಯಲ್ಲಿ ಅಗಸೆ ಗಿಡಕ್ಕೆ ಲೀನುಮ್ ಎಂದು ಹೆಸರು. ಆ ಗಿಡದ ನಾರಿನಿಂದ ಹೊಸೆದ ದಾರ ಲೀನೆಯಾ. ಈ ಪದ ಹಗ್ಗ ಎಂಬ ಅರ್ಥದಲ್ಲಿ ಬಹಳ ಹಿಂದೆಯೇ ಹಳೆಯ ಇಂಗ್ಲಿಷಿಗೆ ಬಂದಿತ್ತು. ಆಮೇಲೆ ಫ್ರೆಂಚಿನ ದಾರಿಯಲ್ಲಿ ಗೆರೆ, ಸಾಲು ಎಂಬ ಅರ್ಥಗಳನ್ನು ಹೊತ್ತು ಇನ್ನೊಮ್ಮೆ ಬಂದು ಮೊದಲಿನದರ ಜೊತೆ ಬೆರೆತುಹೋಯಿತು. ಅಗಸೆ ನಾರಿನ ಬಟ್ಟೆಯಾದ ಲಿನನ್, ಅಗಸೆ ಬೀಜವಾದ ಲಿನ್‌ಸೀಡ್, ಅದರ ಎಣ್ಣೆಯಿಂದ ಮಾಡುವ ನೆಲಹಾಸು ಲಿನೋಲಿಯಂ, ಎಲ್ಲವೂ ಇದರ ದಾಯಾದಿಗಳು. ನಮ್ಮ ಹೆಣ್ಣುಮಕ್ಕಳು ರವಿಕೆ ಹೊಲಿಸಲು ಹೋದಾಗ ದರ್ಜಿ ಕೇಳುವ ‘ಲೈನಿಂಗ್ ಬಟ್ಟೆ’ಯೂ ಇದೇ ಮನೆತನದ್ದು: ಒಂದು ಕಾಲದಲ್ಲಿ ಉಡುಪಿನ ಒಳಮೈಗೆ ಹಚ್ಚುತ್ತಿದ್ದುದು ಲಿನನ್ ಬಟ್ಟೆಯನ್ನು, ಆದ್ದರಿಂದ ಒಳಮೈಗೆ ಹಚ್ಚುವ ಕೆಲಸಕ್ಕೇ ಆ ಹೆಸರು ನಿಂತಿತು. ರೇಷ್ಮೆ ರವಿಕೆಯ ಒಳಗೆ ಹತ್ತಿಯ ಬಟ್ಟೆಯನ್ನು ಹಚ್ಚುವಾಗಲೂ ಅಲ್ಲಿ ಅಗಸೆಯ ನೆನಪು ಇದೆ ಎಂಬುದು ನನಗೆ ಇಂದಿಗೂ ವಿಚಿತ್ರವಾಗಿ ಕಾಣುತ್ತದೆ.

ಗಾರೆ ಕೆಲಸದವರು ಇಟ್ಟಿಗೆ ಕಟ್ಟುವ ಮೊದಲು ಎರಡು ತುದಿಗೆ ಮೊಳೆ ಹೊಡೆದು ದಾರ ಬಿಗಿಯುವುದನ್ನು ಕಂಡವರಿಗೆ ಈ ಪದದ ಮುಂದಿನ ಸಂಸಾರವನ್ನು ವಿವರಿಸಬೇಕಾಗಿಲ್ಲ. ಬಿಗಿದ ದಾರ ನೇರವಾಗಿರುತ್ತದೆ; ನೇರವಾದದ್ದೆಲ್ಲ ಲೈನ್ ಆಯಿತು. ದಾರ ಒಂದು ತುದಿಯನ್ನು ಇನ್ನೊಂದಕ್ಕೆ ಸೇರಿಸುತ್ತದೆ; ಸೇರಿಸುವ ತಂತಿ, ಕೊಳವೆ, ರೈಲುದಾರಿ, ಬಸ್ಸಿನ ದಾರಿ ಎಲ್ಲವೂ ಲೈನ್ ಆದವು. ದಾರದ ಆಚೆ ಒಂದು, ಈಚೆ ಒಂದು. ಗಡಿ, ಮಿತಿ, ಕಟ್ಟಳೆಗಳೂ ಲೈನ್ ಆದವು. ಆದರೆ ಇದರಲ್ಲಿ ಸುಲಭವಾಗಿ ಮರೆತುಹೋಗುವ ಸಂಗತಿ ಒಂದಿದೆ: ದಾರ ತಾನಾಗಿ ಬಿಗಿಯುವುದಿಲ್ಲ. ಯಾರೋ ಒಬ್ಬರು ಎರಡೂ ತುದಿಯನ್ನು ಹಿಡಿದು ಎಳೆದಿರಬೇಕು.

ನಮ್ಮ ಕಡೆಯ ‘ಸಾಲು’ ಹಾಗಲ್ಲ. ಅದು ನೇಗಿಲಿನ ಪದ. ಎತ್ತು ನಡೆದ ಹಾಗೆ, ಗುಳ ಇಳಿದ ಹಾಗೆ ನೆಲದಲ್ಲಿ ಮೂಡುವ ಉಳುಮೆಯ ಗೀರಿಗೆ ಸಾಲು ಎಂದು ಹೆಸರು. ಮರದ ಸಾಲು, ಮನೆಯ ಸಾಲು, ಬರಹದ ಸಾಲು ಎಲ್ಲವನ್ನೂ ಅದೇ ಪದ ಹೊತ್ತಿದೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕ, ಸುಮಾರು ಕ್ರಿ.ಶ. 450ರದೆನ್ನುವ ಶಾಸನದಲ್ಲಿ 16 ಸಾಲುಗಳಿವೆ ಎನ್ನುವಾಗ ನಾವು ಕಲ್ಲಿನ ಮೇಲೂ ಉಳುಮೆಯ ಮಾತನ್ನೇ ಆಡುತ್ತಿದ್ದೇವೆ. ಲ್ಯಾಟಿನ್ನಿಗೂ ಇದು ಹೊಳೆದಿತ್ತು. ಪದ್ಯಕ್ಕೆ ಇಂಗ್ಲಿಷಿನಲ್ಲಿರುವ ವರ್ಸ್ ಎಂಬ ಪದ ಬಂದದ್ದು ವೆರ್ಸುಸ್ ಎಂಬುದರಿಂದ. ಹೊಲದ ತುದಿಯಲ್ಲಿ ನೇಗಿಲು ತಿರುಗುವುದು, ಹಾಗೆ ತಿರುಗಿ ಎಳೆದ ಸಾಲು, ಬರಹದ ಸಾಲು ಎಲ್ಲಕ್ಕೂ ಅದೇ ಹೆಸರು. ಅಲ್ಲಿ ಪದ್ಯದ ಒಂದು ಸಾಲನ್ನು ಲೈನ್ ಎಂದರೆ ದಾರ, ವರ್ಸ್ ಎಂದರೆ ಉಳುಮೆ. ನಾವು ಒಂದನ್ನೇ ಇಟ್ಟುಕೊಂಡೆವು, ಒಳ್ಳೆಯದನ್ನೇ ಇಟ್ಟುಕೊಂಡೆವು ಎಂದು ನನ್ನ ಪಕ್ಷಪಾತ.

ಹೀಗೆ ಸಾಲು ಎಂಬ ಪದ ಕೈಯಲ್ಲಿದ್ದೂ ನಾವು ಯಾವ ಯಾವ ಕಡೆ ಲೈನನ್ನು ಕರೆತಂದೆವು ಎಂಬುದೇ ಈ ಬರಹದ ವಿಷಯ. ನನ್ನ ಕಣ್ಣಿಗೆ ಮೊದಲು ಬೀಳುವುದು ತೋಟದ ಲೈನ್.

ಇಂಗ್ಲಿಷರ ಸೈನ್ಯದಲ್ಲಿ ಸಿಪಾಯಿಗಳ ಡೇರೆ, ಗುಡಿಸಲುಗಳನ್ನು ಸಾಲಾಗಿ ಹೂಡಿ ಆ ಜಾಗವನ್ನೇ ಲೈನ್ಸ್ ಎನ್ನುತ್ತಿದ್ದರು. ಉತ್ತರದ ಊರುಗಳ ಸಿವಿಲ್ ಲೈನ್ಸ್, ನಮ್ಮ ಊರುಗಳ ಪೊಲೀಸ್ ಲೈನ್ ಆ ಬಳಕೆಯ ಗುರುತುಗಳು. 19ನೇ ಶತಮಾನದಲ್ಲಿ ಮಲೆನಾಡಿನ ಕಾಡು ಕಡಿದು ಕಾಫಿ ಹಾಕಿದ ಬಿಳಿಯ ಪ್ಲಾಂಟರುಗಳು ಘಟ್ಟದ ಕೆಳಗಿನಿಂದಲೂ ತಮಿಳು ಸೀಮೆಯಿಂದಲೂ ಬಂದ ಆಳುಗಳಿಗೆ ಕಟ್ಟಿಸಿದ್ದು ಅದೇ ನಮೂನೆಯ ವಸತಿ: ಉದ್ದಕ್ಕೆ ಒಂದೇ ಮಾಡು, ಪಕ್ಕದ ಮನೆಗೂ ತನಗೂ ಒಂದೇ ಗೋಡೆ, ಒಂದು ಕೋಣೆ, ಒಂದು ಅಡುಗೆಯ ಮೂಲೆ, ಎಲ್ಲರಿಗೂ ಸೇರಿದ ಜಗಲಿ, ಎಲ್ಲರಿಗೂ ಸೇರಿದ ನಲ್ಲಿ. ಇಂಥದ್ದರಲ್ಲಿ ಒಂದು ಮನೆ ‘ಲೈನ್ ಮನೆ’, ಒಟ್ಟು ಸಾಲು ‘ಲೈನು’, ಅಲ್ಲಿರುವವರು ‘ಲೈನಿನವರು’. ತೋಟದ ಆಳುಗಳಿಗೆ ವಸತಿ ಕೊಡುವುದು ಮಾಲೀಕರ ಕಾನೂನುಬದ್ಧ ಹೊಣೆಯಾದದ್ದು 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯಿದೆಯಿಂದ. ಆ ವೇಳೆಗೆ ಪದ ಬೇರೂರಿಯಾಗಿತ್ತು. ಶ್ರೀಲಂಕಾದ ಚಹಾ ತೋಟಗಳ ತಮಿಳರು ಇದನ್ನೇ ‘ಲಯನ್’ ಎನ್ನುತ್ತಾರೆ. ಪದ ತೋಟದಿಂದ ತೋಟಕ್ಕೆ ಮಾಡಿನ ನಕ್ಷೆಯ ಜೊತೆಗೇ ಹೋಗಿದೆ.

ಗಮನಿಸಬೇಕಾದದ್ದು ಇಲ್ಲಿದೆ. ಅಗ್ರಹಾರದಲ್ಲಿಯೂ ಮನೆಗಳು ಸಾಲಾಗಿಯೇ ಇರುತ್ತವೆ, ಹೆಚ್ಚಿನ ಕಡೆ ಗೋಡೆಗೆ ಗೋಡೆ ಕೂಡಿಯೇ ಇರುತ್ತವೆ. ಅದನ್ನು ಯಾರೂ ಲೈನ್ ಎನ್ನಲಿಲ್ಲ, ಸಾಲುಮನೆ ಎಂದರು, ಕೇರಿ ಎಂದರು. ಕೇರಿಗೆ ಒಂದು ಕುಲದ, ಕಸುಬಿನ ಹೆಸರಾದರೂ ಇರುತ್ತದೆ. ಲೈನಿಗೆ ಅದೂ ಇಲ್ಲ, ಮೇಲಿನ ಲೈನು, ಕೆಳಗಿನ ಲೈನು, ಅಷ್ಟೇ. ತೋಟದ ಮಾಲೀಕನದು ಬಂಗಲೆ ಅಥವಾ ದೊಡ್ಡಮನೆ, ಲೆಕ್ಕ ಬರೆಯುವ ರೈಟರನದು ಕ್ವಾರ್ಟರ್ಸ್, ಆಳಿನದು ಲೈನ್. ನಮ್ಮದೇನೂ ಎಸ್ಟೇಟಲ್ಲ, ಹತ್ತು ಎಕರೆಯ ತೋಟ. ಆದರೂ ನಾಲ್ಕು ಬಾಗಿಲಿನ ಒಂದು ಲೈನು ನಮ್ಮಲ್ಲಿಯೂ ಇತ್ತು, ಈಗಲೂ ಇದೆ. ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದ ಹುಡುಗರನ್ನು ನಾನು ‘ಲೈನಿನ ಹುಡುಗ್ರು’ ಎಂದೇ ಕರೆಯುತ್ತಿದ್ದೆ. ಅದರಲ್ಲಿ ಬೈಗುಳವೇನೂ ಇರಲಿಲ್ಲ, ಮನೆ ಎಲ್ಲಿದೆ ಎಂದು ಹೇಳುವ ಮಾತು ಅದು ಎಂದು ಬಹಳ ವರ್ಷ ನಂಬಿದ್ದೆ. ಅವರು ನನ್ನನ್ನು ಯಾವ ಸಾಲಿನ ಹುಡುಗ ಎಂದೂ ಕರೆಯಬೇಕಾಗಿರಲಿಲ್ಲ ಎನ್ನುವುದು ಹೊಳೆಯಲು ನನಗೆ ತಲೆ ನರೆಯಬೇಕಾಯಿತು.

ತೋಟದಲ್ಲೇ ಇನ್ನೊಂದು ಲೈನ್ ಇದೆ, ಅದು ನನ್ನ ಮಾತಿಗೆ ಇನ್ನೂ ಹತ್ತಿರದ ಸಾಕ್ಷಿ. ಹೊಸದಾಗಿ ಗಿಡ ಹಾಕುವಾಗ, ಗುಂಡಿ ತೋಡುವ ಮೊದಲು ಗೂಟ ಹೊಡೆದು ಜಾಗ ಗುರುತು ಮಾಡುವ ಕೆಲಸಕ್ಕೆ ಲೈನಿಂಗ್ ಎನ್ನುತ್ತಾರೆ. ಅರೇಬಿಕಾ ಆದರೆ ಸಾಮಾನ್ಯವಾಗಿ 6 ಅಡಿಗೆ ಒಂದು, ರೋಬಸ್ಟಾ ಆದರೆ 10 ಅಡಿಗೆ ಒಂದು ಎಂದು ಅಳತೆಗೆ ಸರಿಯಾಗಿ ಗುರುತು ಮಾಡಿದ ಹಗ್ಗವನ್ನು ಇಬ್ಬರು ಎರಡು ತುದಿಯಲ್ಲಿ ಹಿಡಿದು ಬಿಗಿಯುತ್ತಾರೆ, ಮೂರನೆಯವನು ಗುರುತಿಗೊಂದು ಗೂಟ ಹೊಡೆಯುತ್ತ ಹೋಗುತ್ತಾನೆ. ಇಳಿಜಾರಿನಲ್ಲಿ ಮಣ್ಣು ಕೊಚ್ಚಿಹೋಗದ ಹಾಗೆ ಗುಡ್ಡದ ಅಡ್ಡಕ್ಕೆ, ಒಂದೇ ಮಟ್ಟ ಹಿಡಿದು ಹಗ್ಗ ಹಾಯಿಸಬೇಕು. ಇಲ್ಲಿ ತಪ್ಪಿದರೆ ಮುಂದೆ ಐವತ್ತು ವರ್ಷ ತಪ್ಪೇ. ‘ಲೈನ್ ಸೊಟ್ಟ ಆಯ್ತು, ಇನ್ನೊಂದ್ಸಲ ಹಿಡೀರಿ’ ಎಂದು ಮೇಸ್ತ್ರಿ ಕೂಗುವಾಗ ಆ ಪದ ತನಗೇ ಅರಿವಿಲ್ಲದೆ ಲ್ಯಾಟಿನ್ನಿನ ದಾರಕ್ಕೆ ಮರಳಿರುತ್ತದೆ. ಆದರೆ ಗಿಡ ನೆಟ್ಟು, ಬೇರು ಹಿಡಿದು, ಮೂರು ನಾಲ್ಕು ವರ್ಷಕ್ಕೆ ಫಸಲು ಬಂದ ಮೇಲೆ ಅದೇ ಜಾಗವನ್ನು ಯಾರೂ ಲೈನ್ ಎನ್ನುವುದಿಲ್ಲ. ಹಣ್ಣು ಕುಯ್ಯುವ ಹೆಂಗಸರು ‘ಈ ಸಾಲು ನಂದು, ಆ ಸಾಲು ನಿಂದು’ ಎನ್ನುತ್ತಾರೆ. ಹಗ್ಗ ಇರುವ ತನಕ ಲೈನು, ಗಿಡ ಬಂದ ಮೇಲೆ ಸಾಲು. ಇದನ್ನು ಯಾವ ವ್ಯಾಕರಣವೂ ಅವರಿಗೆ ಹೇಳಿಕೊಟ್ಟಿಲ್ಲ.

ಊಟದ ಮನೆಗೆ ಬನ್ನಿ. ಬಾಳೆಯೆಲೆಯ ಮುಂದೆ ಕೂತವರ ಸಾಲು ಪಂಕ್ತಿ. ಅದು ಸಂಸ್ಕೃತದಿಂದ ಬಂದದ್ದು, ಮೂಲದಲ್ಲಿ ಐದರ ಗುಂಪು ಎಂಬ ಅರ್ಥದ್ದು. ಎಂಟೆಂಟು ಅಕ್ಷರದ ಐದು ಪಾದಗಳಿರುವ ವೇದದ ಛಂದಸ್ಸಿಗೆ ಆ ಹೆಸರಿದೆ. ಮೊದಲನೇ ಪಂಕ್ತಿ, ಎರಡನೇ ಪಂಕ್ತಿ ಎನ್ನುವ ಮಾತಿನ ಪಕ್ಕದಲ್ಲಿ ಪಂಕ್ತಿಭೇದ ಎಂಬ ಕೆಟ್ಟ ಮಾತೂ ಇದೆ, ಅದನ್ನು ಮರೆಮಾಚಿ ಪಂಕ್ತಿಯನ್ನು ಹೊಗಳಲಾರೆ. ಆದರೆ ಮದುವೆ ಮಂಟಪಗಳಿಗೆ ಬಫೆ ಬಂದ ದಿನ ಪಂಕ್ತಿ ಎಂಬ ಪದ ಅಲ್ಲಿಗೆ ಹೋಗಲಿಲ್ಲ. ‘ಲೈನಲ್ಲಿ ಬನ್ನಿ, ತಟ್ಟೆ ಅಲ್ಲಿದೆ’ ಎಂದರು. ಪಂಕ್ತಿಯಲ್ಲಿ ನಾವು ಕೂತಿರುತ್ತೇವೆ, ಅನ್ನ ನಡೆದು ಬರುತ್ತದೆ. ಲೈನಿನಲ್ಲಿ ಅನ್ನ ಕೂತಿರುತ್ತದೆ, ನಾವು ನಡೆಯುತ್ತೇವೆ.

ಕಾಯುವವರ ಸಾಲಿಗೆ ಅಮೆರಿಕದವರು ಲೈನ್ ಎನ್ನುತ್ತಾರೆ, ಇಂಗ್ಲೆಂಡಿನವರು ಕ್ಯೂ ಎನ್ನುತ್ತಾರೆ. ನಾವು ಇಂಗ್ಲೆಂಡಿನ ಗರಡಿಯಲ್ಲಿ ಕಲಿತವರಾದ್ದರಿಂದ ಕ್ಯೂ ಮೊದಲು ಬಂತು, ಲೈನ್ ಆಮೇಲೆ ಅದರ ಜೊತೆ ನಿಂತಿತು. ಕ್ಯೂ ಎಂದರೆ ಫ್ರೆಂಚಿನಲ್ಲಿ ಬಾಲ. ಇದನ್ನು ತಿಳಿದ ದಿನ ನಾನು ಒಬ್ಬನೇ ನಕ್ಕಿದ್ದೆ, ಏಕೆಂದರೆ ಫ್ರೆಂಚನ್ನು ಕೇಳದೆಯೇ ನಾವು ‘ಹನುಮಂತನ ಬಾಲದ ಹಾಗೆ ಸಾಲು’ ಎಂದು ಹೇಳಿಕೊಂಡು ಬಂದಿದ್ದೇವೆ. ಈ ಬಾಲವನ್ನು ಕಣ್ಣಾರೆ ನೋಡಬೇಕಾದರೆ ಆಶ್ವಯುಜ ಮಾಸದಲ್ಲಿ ಹಾಸನಕ್ಕೆ ಬರಬೇಕು. ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನ ಕೆಲವೇ ದಿನ ಬಾಗಿಲು ತೆರೆಯುವ ಹಾಸನಾಂಬೆಯ ದರ್ಶನಕ್ಕೆ ಊರ ಬೀದಿಗಳಲ್ಲಿ ಕಟ್ಟಿಗೆಯ, ಕಬ್ಬಿಣದ ತಡೆಗಳ ನಡುವೆ ಜನ ಗಂಟೆಗಟ್ಟಲೆ ನಿಲ್ಲುತ್ತಾರೆ. ಅಲ್ಲಿ ನಿಂತು ಕಿವಿಗೊಟ್ಟರೆ ಪದಗಳ ಅಂತಸ್ತು ಕೇಳಿಸುತ್ತದೆ. ಪತ್ರಿಕೆಯವರಿಗೆ ಅದು ಸರತಿ ಸಾಲು. ಫಲಕದ ಮೇಲೆ ಧರ್ಮದರ್ಶನದ ಸಾಲು. ಹಣ ಕೊಟ್ಟು ಬೇಗ ಹೋಗುವುದು ಟಿಕೆಟ್ ಲೈನ್. ಪೊಲೀಸಿನವರ ಬಾಯಲ್ಲಿ ‘ರೀ, ಲೈನ್ ಬಿಟ್ಟು ಬರ್ಬೇಡಿ’. ಬಿಸಿಲಿಗೆ ಬಾಡಿ ನಿಂತ ಅಜ್ಜಿಯ ಬಾಯಲ್ಲಿ ‘ಸಾಲು ಮುಂದಕ್ಕೆ ಹೋಗ್ತಾನೇ ಇಲ್ವಲ್ಲವ್ವ’. ಕಾಯುವವರಿಗೆ ಸಾಲು, ಕಾಯಿಸುವವರಿಗೆ ಲೈನ್ ಎಂದು ಹೇಳಿಬಿಡುವ ಆಸೆಯಾಗುತ್ತದೆ. ಆದರೆ ಅದು ಪೂರ್ತಿ ನಿಜವಲ್ಲ, ಏಕೆಂದರೆ ಆ ಅಜ್ಜಿಯ ಪಕ್ಕದಲ್ಲಿದ್ದ ಮೊಮ್ಮಗಳು ಅದೇ ಹೊತ್ತಿನಲ್ಲಿ ಫೋನಿನಲ್ಲಿ ‘ಲೈನಲ್ಲಿ ನಿಂತಿದೀನಿ’ ಎನ್ನುತ್ತಿದ್ದಳು.

ವಿದ್ಯುತ್ತಿನ ಇಲಾಖೆ ಈ ಪದಕ್ಕೆ ಒಮ್ಮೆ ಕನ್ನಡದ ಅಂಗಿ ತೊಡಿಸಲು ಹೊರಟಿತ್ತು. ಲೈನ್‌ಮ್ಯಾನ್ ಎಂಬುದಕ್ಕೆ ಕಡತಗಳಲ್ಲಿ ‘ಮಾರ್ಗದಾಳು’ ಎಂಬ ಪದ ಬಳಕೆಗೆ ಬಂತು, ಹೊಸಬರಿಗೆ ‘ಕಿರಿಯ ಮಾರ್ಗದಾಳು’. ಪದವೇನೋ ಚೆನ್ನಾಗಿದೆ. ಜಡಿಮಳೆಯಲ್ಲಿ ಕಾಡು ದಾರಿ ಹಿಡಿದು, ಕಾಲಿನ ಜಿಗಣೆ ಕಿತ್ತೊಗೆಯುತ್ತ ಕಂಬದಿಂದ ಕಂಬಕ್ಕೆ ನಡೆಯುವ ಮನುಷ್ಯನಿಗೆ ಮಾರ್ಗದಾಳು ಎಂಬ ಹೆಸರು ಲೈನ್‌ಮ್ಯಾನ್‌ಗಿಂತ ಹೆಚ್ಚು ಒಪ್ಪುತ್ತದೆ. ಆಮೇಲೆ ಅದೂ ಬದಲಾಗಿ ಪವರ್‌ಮ್ಯಾನ್ ಬಂತು. ದೊಡ್ಡಮ್ಮ ಮಾತ್ರ ಇಬ್ಬರನ್ನೂ ಕಂಡಿಲ್ಲ. ಅವರ ಕಂಬ ಹತ್ತಿದವನು ಯಾವತ್ತೂ ಲೈನ್‌ಮ್ಯಾನೇ.

ರೈಲಿನ ವಿಷಯದಲ್ಲಿ ಕನ್ನಡ ಇನ್ನೂ ಜಾಣತನ ತೋರಿಸಿದೆ. ಹಾಸನದಿಂದ ಮಂಗಳೂರಿಗೆ ಮೀಟರ್ ಗೇಜ್ ದಾರಿ ಪೂರ್ತಿಯಾದದ್ದು 1979ರಲ್ಲಿ; ಗೇಜ್ ಬದಲಾವಣೆಗೆಂದು 1996ರಲ್ಲಿ ನಿಂತ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನ ತನಕದ ಘಟ್ಟದ ಭಾಗದಲ್ಲಿ ಐವತ್ತಕ್ಕೂ ಹೆಚ್ಚು ಸುರಂಗಗಳಿವೆ. ಯೋಜನೆಯ ಮಾತು ಬಂದಾಗ, ಸಮೀಕ್ಷೆ, ಮಂಜೂರಾತಿ, ಜಮೀನು ಬಿಡಿಸಿಕೊಳ್ಳುವುದು ಎನ್ನುವಾಗ, ಅದು ರೈಲ್ವೆ ಲೈನ್. ಕಾಲಿಗೆ ತಗಲುವ ಕಬ್ಬಿಣದ ಮಾತು ಬಂದಾಗ ಅದು ಹಳಿ. ದನ ಸತ್ತದ್ದು ಹಳಿಯ ಮೇಲೆ, ಮಣ್ಣು ಕುಸಿದದ್ದು ಹಳಿಯ ಮೇಲೆ. ರೈಲು ಮಾತ್ರವಲ್ಲದೆ ಸಂಸಾರವೂ ತಪ್ಪುವುದು ಹಳಿಯನ್ನೇ. ಚಿಕ್ಕಮಗಳೂರಿಗೆ ಕಡೂರಿನಿಂದ ರೈಲು ಬರಲು 2013 ಆಗಬೇಕಾಯಿತು. ಅಲ್ಲಿಯ ತನಕ ಆ ಊರಿನವರ ಬಾಯಲ್ಲಿ ಇದ್ದದ್ದು ಬರೀ ಲೈನ್, ‘ಲೈನ್ ಆಗುತ್ತಂತೆ’ ಎಂಬ ಲೈನ್.

ಕೆಲವು ಲೈನುಗಳು ಕಣ್ಣಿಗೆ ಬೀಳದೆ ಮನೆಯೊಳಗೆ ಕೂತಿವೆ. ಬಿಪಿಎಲ್ ಕಾರ್ಡ್ ಎಂದು ಊರೆಲ್ಲ ಹೇಳುತ್ತದೆ. ಆ ಮೂರನೇ ಅಕ್ಷರ ಒಂದು ಲೈನ್ ಎಂದು, ಅದು ಬಡತನದ ರೇಖೆ ಎಂದು ನಿಂತು ಯೋಚಿಸಿದವರು ಕಡಿಮೆ. ಲೈನಿನಲ್ಲಿ ಮನೆ, ಲೈನಿಗಿಂತ ಕೆಳಗಿನವರ ಕಾರ್ಡು, ಆ ಕಾರ್ಡಿನ ಅಕ್ಕಿಗೆ ಮತ್ತೊಂದು ಲೈನು. ನಮ್ಮ ಲೈನಿನ ಹೆಣ್ಣಾಳೊಬ್ಬರು ಕೆಲಸಕ್ಕೆ ತಡವಾಗಿ ಬಂದು ಕಾರಣ ಹೇಳಿದ್ದು ಹೀಗೆ: ‘ಕಾರ್ಡು ಆನ್‌ಲೈನ್ ಮಾಡ್ಸಕ್ಕೆ ಲೈನಲ್ಲಿ ನಿಂತಿದ್ನಪ್ಪ, ಸರ್ವರ್ ಇಲ್ಲ ಅಂತ ಕಳಿಸಿದ್ರು.’ ಸಾಲಿನಲ್ಲಿ ನಿಲ್ಲುವುದನ್ನು ತಪ್ಪಿಸಲೆಂದು ಬಂದ ಆನ್‌ಲೈನಿಗಾಗಿಯೇ ಸಾಲಿನಲ್ಲಿ ನಿಲ್ಲುವ ಈ ಸ್ಥಿತಿಯನ್ನು ಹೇಳಲು ಅವರಿಗೆ ಬೇರೆ ಪದ ಬೇಕಾಗಲಿಲ್ಲ.

ಡೆಡ್‌ಲೈನ್ ಎಂಬುದನ್ನು ನಾನು ತರಗತಿಯಲ್ಲಿ ಹೇಳುವುದನ್ನು ಬಿಟ್ಟಿದ್ದೇನೆ. ಅಮೆರಿಕದ ಅಂತರ್ಯುದ್ಧದಲ್ಲಿ, 1864ರ ಸುಮಾರಿಗೆ, ಜಾರ್ಜಿಯಾದ ಆಂಡರ್ಸನ್‌ವಿಲ್ ಸೆರೆಶಿಬಿರದಲ್ಲಿ ಕೈದಿಗಳ ಸುತ್ತ ಒಂದು ಮಿತಿ ಹಾಕಿ, ಅದನ್ನು ದಾಟಿದವರಿಗೆ ಗುಂಡು ಹೊಡೆಯುತ್ತಿದ್ದರು. ಸಾವಿನ ಆ ಗೆರೆಯೇ ಡೆಡ್‌ಲೈನ್. ಗಡುವು ಎಂಬ ಗಟ್ಟಿಯಾದ ಪದ ನಮ್ಮಲ್ಲಿರುವಾಗ ಮಕ್ಕಳ ಪ್ರಬಂಧಕ್ಕೆ ಇಂಥದ್ದನ್ನು ಏಕೆ ಎಳೆಯಬೇಕು?

ಇಲ್ಲಿಯವರೆಗೆ ಹೇಳಿದ್ದನ್ನು ನೋಡಿದರೆ, ಯಾರೋ ಎಳೆದದ್ದು ಲೈನ್, ತಾನಾಗಿ ಮೂಡಿದ್ದು ಸಾಲು ಎಂದು ನಾನು ಒಂದು ಸಿದ್ಧಾಂತ ಕಟ್ಟುತ್ತಿರುವುದು ಓದುವವರಿಗೆ ತಿಳಿದಿರುತ್ತದೆ. ಅದಕ್ಕೆ ಪೆಟ್ಟು ಕೊಡುವ ಪದವೂ ನಮ್ಮಲ್ಲೇ ಇದೆ: ಗೆರೆ. ‘ಹಾಕಿದ ಗೆರೆ ದಾಟದವಳು’ ಎಂದು ಸೊಸೆಯನ್ನು ಹೊಗಳುವ ನಾಡಿನಲ್ಲಿ, ಎಳೆದು ಕೂರಿಸುವ ಕಲೆಯನ್ನು ಇಂಗ್ಲಿಷಿನಿಂದ ಕಲಿಯಬೇಕಾಗಿರಲಿಲ್ಲ. ಒಂದನೇ ಇಯತ್ತೆಯಲ್ಲಿ ನಮಗೆ ಕನ್ನಡ ಕಾಪಿ ಬರೆಯಲು ಎರಡು ಗೆರೆಯ ಪುಸ್ತಕ, ಮುಂದೆ ಇಂಗ್ಲಿಷಿಗೆ ನಾಲ್ಕು ಗೆರೆಯ ಪುಸ್ತಕ. ಗೆರೆ ಮೀರಿದರೆ ಬೆರಳ ಗಂಟಿನ ಮೇಲೆ ಏಟು ಎರಡಕ್ಕೂ ಒಂದೇ ಆಗಿತ್ತು. ಇತ್ತ ಕಡೆ, ಬಸ್‌ಸ್ಟ್ಯಾಂಡಿನ ಹುಡುಗರು ಹುಡುಗಿಯರ ಗಮನ ಸೆಳೆಯಲು ‘ಲೈನ್ ಹೊಡೆಯುವ’ರಲ್ಲ, ಆ ಲೈನಿಗೆ ಯಾವ ದೊರೆಯ ಅಪ್ಪಣೆಯೂ ಇರಲಿಲ್ಲ, ಯಾವ ಇಂಗ್ಲಿಷ್ ನಿಘಂಟಿನ ಹಂಗೂ ಇರಲಿಲ್ಲ; ಅದು ನಾವೇ ಹೊಡೆದದ್ದು. ಹಳೇಬೀಡಿನ ಹೊಯ್ಸಳೇಶ್ವರದ ಗೋಡೆಯ ಮುಂದೆ ನಿಂತು ‘ಕೆಳಗಿನ ಲೈನ್ ಆನೆ, ಅದರ ಮೇಲಿನ ಲೈನ್ ಸಿಂಹ’ ಎಂದು ತೋರಿಸುವ ಗೈಡ್ ಕೂಡ ನನ್ನ ಸಿದ್ಧಾಂತವನ್ನು ಕೇಳಿದವನಲ್ಲ. ಆನೆಗಳ ಸಾಲು ಎಂದರೆ ಎಷ್ಟು ಚೆನ್ನ ಎಂದು ನನಗೆ ಅನ್ನಿಸಿದ್ದು ನಿಜ, ಹೇಳಲಿಲ್ಲ. ದಿನಕ್ಕೆ ಹತ್ತು ಗುಂಪಿಗೆ, ಮೂರು ಭಾಷೆಯಲ್ಲಿ ಅದೇ ಗೋಡೆಯನ್ನು ತೋರಿಸುವವನಿಗೆ ಎಲ್ಲರಿಗೂ ತಿಳಿಯುವ ಒಂದು ಪದ ಬೇಕು.

ಎಲ್ಲರಿಗೂ ತಿಳಿಯುವುದು ಎಂದರೇನು ಎಂಬುದನ್ನು ಕಂಡದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ಈಗ ನಮ್ಮ ಕಡೆಯ ತೋಟಗಳಲ್ಲಿ ಹಣ್ಣು ಕುಯ್ಯಲು ಅಸ್ಸಾಮಿನಿಂದ, ಬಂಗಾಳದಿಂದ ಜನ ಬರುತ್ತಾರೆ. ದೊಡ್ಡಮ್ಮನ ಲೈನಿನ ನಾಲ್ಕು ಬಾಗಿಲುಗಳಲ್ಲಿ ಎರಡು ವರ್ಷದಿಂದ ಬೀಗ ಬಿದ್ದಿದ್ದ ಒಂದಕ್ಕೆ ಅಸ್ಸಾಮಿನ ಗಂಡಹೆಂಡತಿ ಬರುವವರಿದ್ದರು. ನಾನು ಹೋಗಿದ್ದ ದಿನವೇ ಸಂಜೆ ಅವರು ಬಸ್ಸಿಳಿದು, ತಲೆಯ ಮೇಲೊಂದು ಕೈಯಲ್ಲೊಂದು ಗಂಟು ಹಿಡಿದು ಅಂಗಳಕ್ಕೆ ಬಂದು ನಿಂತರು. ನಮ್ಮ ಮೇಸ್ತ್ರಿಗೆ ಕನ್ನಡ, ತುಳು ಬಿಟ್ಟರೆ ಸಿನಿಮಾದ ಹಿಂದಿ. ಬಂದವರಿಗೆ ಅದೂ ಅಷ್ಟಕ್ಕಷ್ಟೆ. ದಾರಿ ಹೇಗಿತ್ತು, ಊಟ ಆಯಿತೇ ಎಂಬ ಮಾತುಗಳೆಲ್ಲ ಎರಡೂ ಕಡೆಯಿಂದ ಹೊರಟು ನಡುವೆಯೇ ಬಿದ್ದುಹೋದವು. ಕೊನೆಗೆ ಮೇಸ್ತ್ರಿ ಕಣದ ಆಚೆ, ಸಿಲ್ವರ್ ಮರಗಳ ಸಂದಿಯಲ್ಲಿ ಕಾಣುತ್ತಿದ್ದ ಹೆಂಚಿನ ಮಾಡಿನ ಕಡೆಗೆ ಕೈ ತೋರಿಸಿ ‘ಲೈನ್’ ಎಂದ. ಆ ಮನುಷ್ಯನ ಮುಖ ಸಡಿಲಾಯಿತು. ಅವನ ತಂದೆತಾಯಿ ಚಹಾ ತೋಟದವರೆಂದು ಆಮೇಲೆ ತಿಳಿಯಿತು. ಅವನು ಹೆಂಡತಿಯ ಕಡೆ ತಿರುಗಿ ತನ್ನ ಭಾಷೆಯಲ್ಲಿ ಏನೋ ಹೇಳಿದ. ಅದರ ನಡುವೆ ಲೈನ್ ಎಂಬುದೊಂದು ಸ್ಪಷ್ಟವಾಗಿ ಕೇಳಿಸಿತು. ಆಕೆ ಕೆಳಗಿಟ್ಟಿದ್ದ ಗಂಟನ್ನು ಮತ್ತೆ ತಲೆಗೇರಿಸಿ, ಯಾರೂ ದಾರಿ ತೋರಿಸುವ ಮೊದಲೇ, ಕಣದ ಅಂಚು ಹಿಡಿದು ಇಳಿಯತೊಡಗಿದಳು.